ನಡುವಿನ ಮನೆಯ ಶಾಂತಕ್ಕ

ಶಾಂತಕುಮಾರಿ ಯಾವ ಪಕ್ಷಕ್ಕೆ ಓಟು ಹಾಕುತ್ತಾಳೆ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ರೈಲು ಹಳಿ ದಾಟಿದ ಮೇಲೆ ಸಿಗುವ ಸಣ್ಣ ಬೀದಿ ಅದು. ಯಾರ ಮನೆಯಲ್ಲಿ ಇವತ್ತು ಏನು ಸಾರು, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ ಎಂಬುದೆಲ್ಲ ಅಲ್ಲಿ ಎಲ್ಲರಿಗೂ ಗೊತ್ತು. ಓಟಿನ ವಿಷಯವಂತೂ ಕೇಳುವುದೇ ಬೇಡ, ಮನೆ ಮೇಲಿನ ಬಾವುಟ ನೋಡಿದರೆ ಸಾಕು. ಶಾಂತಕುಮಾರಿಯ ಮನೆ ಮೇಲೆ ಮಾತ್ರ ಬಾವುಟವಿರಲಿಲ್ಲ. ಬಾಗಿಲಿಗೆ ಒಂದು ಸಣ್ಣ ಮರದ ಶಿಲುಬೆ, ಅದರ ಕೆಳಗೆ ಮಾವಿನ ತೋರಣ, ಅಷ್ಟೆ. ಹರಪನಹಳ್ಳಿಯಿಂದ ಇಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು ಎದುರುಮನೆಯಲ್ಲಿ ಬಾಡಿಗೆಗಿದ್ದ ನನಗೆ ಈ ಹೆಂಗಸಿನ ಬಗ್ಗೆ ಮೊದಲಿನಿಂದಲೂ ಕುತೂಹಲ. ಒಮ್ಮೆ ನೇರವಾಗಿ ಕೇಳಿಯೇಬಿಟ್ಟೆ. ಅವಳು ನಕ್ಕು, "ಅದು ಗುಟ್ಟಿಂದು ಅಂತ ಸರಕಾರನ ಹೇಳೈತಲ್ರಿ ಟೀಚರ್" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಅವಳ ಹುಟ್ಟೂರು ಹಡಗಲಿ ಕಡೆ, ಮೈಲಾರದ ದಾರಿಯಲ್ಲಿ ಹೊಳೆದಂಡೆಯ ಒಂದು ಹಳ್ಳಿ. ಅಜ್ಜನ ಕಾಲಕ್ಕೆ ಆ ಊರಿನ ದಲಿತ ಕೇರಿಯ ಕೆಲವು ಮನೆಯವರು ಕ್ರೈಸ್ತರಾಗಿದ್ದರಂತೆ. ಚಿಕ್ಕಂದಿನಲ್ಲಿ ಅವ್ವನ ಜೊತೆ ಮಲ್ಲಿಗೆ ತೋಟಕ್ಕೆ ಮೊಗ್ಗು ಬಿಡಿಸಲು ಹೋಗುತ್ತಿದ್ದಳು. ಗಂಡ ಆಶೀರ್ವಾದಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ರೋಡ್ ರೋಲರ್ ಓಡಿಸುತ್ತಿದ್ದ. ಕೂಡ್ಲಿಗಿ, ಕೊಟ್ಟೂರು ಕಡೆಯ ಎಷ್ಟೋ ರಸ್ತೆಗಳ ಪಕ್ಕ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದ್ದೇನೆ, ಅದಕ್ಕೇ ನನಗೆ ಯಾವ ಊರಲ್ಲಿ ಮಲಗಿದರೂ ನಿದ್ದೆ ಬರುತ್ತದೆ ಎನ್ನುತ್ತಿದ್ದಳು. ಮುಂದೆ ಅವಳಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಈ ಬೀದಿಯಲ್ಲಿ ಮನೆ ಕಟ್ಟಿಕೊಂಡರು. ಗಂಡ ತೀರಿಕೊಂಡು, ಅವಳು ನಿವೃತ್ತಳಾಗಿ, ಬಳ್ಳಾರಿಯಲ್ಲಿ ನರ್ಸಾಗಿದ್ದ ಮಗಳು ಎಷ್ಟು ಕರೆದರೂ ಹೋಗದೆ ಇಲ್ಲೇ ಉಳಿದಿದ್ದಳು. ಬೀದಿಗೆಲ್ಲ ಶಾಂತಕ್ಕ.

ಅವಳ ಎಡಗೋಡೆಗೆ ಹೊಂದಿಕೊಂಡಂತೆ ಯರ್ರೆಪ್ಪನ ಮನೆ. ಯರ್ರೆಪ್ಪ ಕುರಿ ಸಾಕುವ ಮನೆತನದವನು. ಹೊಲ, ಕುರಿ ಎರಡೂ ಇದ್ದವು. ಮೊಮ್ಮಕ್ಕಳ ಶಾಲೆಗೆಂದು ಊರಿಂದ ಇಲ್ಲಿಗೆ ಬಂದು ಮನೆ ಮಾಡಿದ್ದ. ಹೆಂಡತಿ ಮರುಳಸಿದ್ದಮ್ಮ, ಮಗ ಕನಕರಾಜ, ಸೊಸೆ ಪುಷ್ಪಲತಾ. ಕನಕರಾಜನಿಗೆ ಗೊಬ್ಬರದ ಅಂಗಡಿ, ಜೊತೆಗೆ ಒಂದು ಪಕ್ಷದ ಓಡಾಟ. ಬಲಗೋಡೆಯ ಆಚೆ ಗುರುಮೂರ್ತಿಯ ಮನೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ತಂದೆಯ ಕಾಲದಲ್ಲೇ ಬೌದ್ಧರಾದ ದಲಿತ ಕುಟುಂಬ ಅದು. ಹೆಂಡತಿ ಮಂಜಮ್ಮ ಅಂಗನವಾಡಿ ಟೀಚರ್, ಮಗಳು ಕ್ರಾಂತಿ ಕಾಲೇಜಿಗೆ ಹೋಗುವವಳು. ಗುರುಮೂರ್ತಿಯ ತಮ್ಮ ಸಿದ್ದಲಿಂಗ ಇನ್ನೊಂದು ಪಕ್ಷದವನು.

ಮೂರೂ ಮನೆಯವರು ಚೆನ್ನಾಗಿಯೇ ಇದ್ದರು. ಆದರೆ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಕ್ರಿಸ್‌ಮಸ್ಸಿಗೆ ಶಾಂತಕ್ಕ ಕರ್ಜಿಕಾಯಿ ಮಾಡಿ ಮಂಜಮ್ಮನ ಮನೆಗೆ, ನನ್ನ ಮನೆಗೆ ಡಬ್ಬಿ ತುಂಬಿ ಕಳಿಸುವಳು. ಯರ್ರೆಪ್ಪನ ಮನೆಗೆ ಹೋಗುತ್ತಿದ್ದುದು ಬಾಳೆಹಣ್ಣು, ತೆಂಗಿನಕಾಯಿ. ಆ ಮನೆಯವರು ಕೇರಿಯಿಂದ ಬಂದವರ ಕೈಯಡುಗೆ ತಿನ್ನುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮರುಳಸಿದ್ದಮ್ಮ ಹಣ್ಣು ತೆಗೆದುಕೊಂಡು ಬಾಯಿತುಂಬ ಮಾತಾಡಿಸಿ ಕಳಿಸುವಳು. ಬೆಳಿಗ್ಗೆ ಕುರಿ ಹಟ್ಟಿಗೆ ಹೊರಡುವ ಮುಂಚೆ ಯರ್ರೆಪ್ಪ ಶಾಂತಕ್ಕನ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಮಳೆಯ ಮಾತಾಡಿಯೇ ಹೋಗುತ್ತಿದ್ದ. ಇಷ್ಟು ಹತ್ತಿರ, ಇಷ್ಟು ದೂರ. ಇದು ನಿನಗೆ ಬೇಸರವಲ್ಲವೇ ಎಂದು ಕೇಳಿದ್ದೆ. ಬೇಸರವೇ, ಆದರೆ ಬೇಸರಪಟ್ಟುಕೊಂಡು ಹಣ್ಣು ಕೊಡುವುದನ್ನೂ ಬಿಟ್ಟರೆ ಉಳಿಯುವುದೇನು ಎಂದಳು.

ಪುರಸಭೆ ಚುನಾವಣೆ ಬಂತು. ನಮ್ಮ ವಾರ್ಡು ಸಾಮಾನ್ಯಕ್ಕೆ ಬಿದ್ದಿತ್ತು. ಒಂದು ಕಡೆಯಿಂದ ಕನಕರಾಜ ನಿಂತ, ಇನ್ನೊಂದು ಕಡೆಯಿಂದ ಸಿದ್ದಲಿಂಗ. ಬೀದಿ ಎರಡು ಭಾಗವಾಗಿಹೋಯಿತು. ಹಾಲು ಹಾಕುವವನು ಯಾವ ಕಡೆ, ಇಸ್ತ್ರಿಯವನು ಯಾವ ಕಡೆ ಎಂದು ನೋಡಿ ಜನ ಮನೆಯೊಳಗೆ ಬಿಟ್ಟುಕೊಳ್ಳುವಂತಾಯಿತು. ಇಬ್ಬರೂ ಶಾಂತಕ್ಕನ ಮನೆಗೆ ಬಂದು ಕೈಮುಗಿದು ಹೋದರು. ಇಬ್ಬರಿಗೂ ಅವಳು ನೀರು ಕೊಟ್ಟು, ದೇವರು ಒಳ್ಳೇದು ಮಾಡಲಿ ಎಂದಳು. ಇಬ್ಬರೂ ಅವಳ ಓಟು ತಮ್ಮದೇ ಎಂದು ಬರೆದುಕೊಂಡರು.

ಗೆದ್ದದ್ದು ಸಿದ್ದಲಿಂಗ. ಅವತ್ತು ಮಧ್ಯಾಹ್ನ ಮೆರವಣಿಗೆ ನಮ್ಮ ಬೀದಿಗೆ ಬಂತು. ಡಿಜೆ, ಗುಲಾಲು, ಪಟಾಕಿ. ಕನಕರಾಜನ ಮನೆ ಮುಂದೆ ಬಂದಾಗ ಮೆರವಣಿಗೆ ಬೇಕೆಂದೇ ನಿಂತಿತು. ಬಾಗಿಲಿಗೆ ಗುಲಾಲು ಎರಚಿದರು. ಹೊತ್ತಿಸಿದ ಪಟಾಕಿ ಸರವನ್ನು ಯಾರೋ ಅಂಗಳಕ್ಕೇ ಎಸೆದರು. ಪುಷ್ಪಲತಾ ಸಣ್ಣ ಮಗನನ್ನು ಬಾಚಿಕೊಂಡು ಒಳಗೋಡುವಾಗ ಅವಳ ಸೀರೆಯ ಅಂಚು ಸುಟ್ಟಿತು. ಕನಕರಾಜ ಹೊರಗೆ ಬಂದು ಇಟ್ಟಂಗಿ ತುಂಡು ಬೀಸಿದ. ಅದು ಗುರುಮೂರ್ತಿಯ ಹುಬ್ಬಿನ ಮೇಲೆ ಬಿತ್ತು. ಪಾಪ, ಗುರುಮೂರ್ತಿ ಮೆರವಣಿಗೆಯಲ್ಲಿ ಇರಲಿಲ್ಲ. ಡಿಪೋದಿಂದ ಬಂದು, ತಮ್ಮನಿಗೆ ಮುಂದೆ ಹೋಗು ಎಂದು ಹೇಳಲು ಗುಂಪಿನೊಳಗೆ ನುಗ್ಗಿದ್ದ. ರಕ್ತ ಸುರಿಯುತ್ತಿದ್ದವನ ಮುಖ ನೋಡಿ ಕನಕರಾಜ ಜಾತಿ ಹಿಡಿದು ಬೈದ. ಡಿಜೆ ಅಷ್ಟರಲ್ಲಿ ನಿಂತಿತ್ತು. ಆ ಮಾತು ಬೀದಿಗೆಲ್ಲ ಕೇಳಿಸಿತು.

ಎಲ್ಲರಿಗೂ ಕೇಳಿಸಿದ್ದು, ಪೊಲೀಸರು ಬಂದಾಗ ಯಾರಿಗೂ ಕೇಳಿಸಿರಲಿಲ್ಲ. ನಾನು ಶಾಲೆಯಲ್ಲಿದ್ದೆ, ಆ ಪರೀಕ್ಷೆ ನನಗೆ ಬರಲಿಲ್ಲ. ಕನಕರಾಜನ ಕಡೆಯವರು ಬೈಗುಳ ಕೇಳಿಲ್ಲವೆಂದರು, ಸಿದ್ದಲಿಂಗನ ಕಡೆಯವರು ಪಟಾಕಿ ನೋಡಿಲ್ಲವೆಂದರು. ತನ್ನ ಮೆಟ್ಟಿಲ ಮೇಲೆ ನಿಂತಿದ್ದ ಶಾಂತಕ್ಕ ಮಾತ್ರ ಎರಡನ್ನೂ ಹೇಳಿದಳು. ಪಟಾಕಿ ಅಂಗಳಕ್ಕೆ ಎಸೆದದ್ದು ನಿಜ, ಎಸೆದವನ ಮುಖ ಕಂಡಿಲ್ಲ. ಇಟ್ಟಂಗಿ ಬೀಸಿದ್ದು ಕನಕರಾಜ, ಕಂಡಿದ್ದೇನೆ. ಬೈದದ್ದೂ ಕನಕರಾಜ, ಇಂಥದೇ ಮಾತು. ಪೊಲೀಸರು ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಕನಕರಾಜನ ಮೇಲೆ ಜಾತಿನಿಂದನೆ ಕೇಸಾಯಿತು. ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಸಿದ್ದಲಿಂಗನ ಕಡೆಯವರ ಮೇಲೂ ಪಟಾಕಿಯ ಕೇಸು ಬಿತ್ತು. ಅಲ್ಲಿಗೆ ಶಾಂತಕ್ಕನ ಎಡಗೋಡೆಯೂ ಮುನಿಸಿಕೊಂಡಿತು, ಬಲಗೋಡೆಯೂ ಮುನಿಸಿಕೊಂಡಿತು. ಅವಳು ಮತಾಂತರ ಮಾಡುತ್ತಾಳೆ, ಹುಷಾರಾಗಿರಿ ಎಂದು ಕನಕರಾಜ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಭಾನುವಾರ ಸಂಜೆ ಅವಳ ಮನೆಯಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದ ನಾಲ್ಕೈದು ಹೆಂಗಸರು ಹೆದರಿ ಬರುವುದನ್ನು ಬಿಟ್ಟರು. ಇತ್ತ ಸಿದ್ದಲಿಂಗ, ನಮ್ಮ ಕೇರಿಯಲ್ಲೇ ಬೇರು ಇರುವ ಹೆಂಗಸು ನಮ್ಮ ಹುಡುಗರ ಮೇಲೆ ಹೇಳಿದಳಲ್ಲ ಎಂದು ಕಂಡಕಂಡಲ್ಲಿ ಆಡಿಕೊಂಡ. ಬೀದಿಗೆಲ್ಲ ಹೊಸ ಚರಂಡಿಯಾಗಿ ಕಲ್ಲು ಹಾಸಿದರೂ ಶಾಂತಕ್ಕನ ಮನೆ ಮುಂದಿನ ತುಂಡು ಹಾಗೇ ತೆರೆದು ಬಿದ್ದಿತ್ತು. ಅವಳು ಒಂದು ಹಲಗೆ ಹಾಕಿಕೊಂಡು ದಾಟಿ ಓಡಾಡಿದಳು. ಯರ್ರೆಪ್ಪ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟ. ಮಂಜಮ್ಮ ನೋಡಿದರೂ ನೋಡದಂತೆ ಹೋಗುತ್ತಿದ್ದಳು.

ಆ ತಿಂಗಳುಗಳಲ್ಲಿ ನಾನು ಅವಳನ್ನು ಗಮನಿಸುತ್ತಲೇ ಇದ್ದೆ. ಸಿಟ್ಟು ಎಲ್ಲಾದರೂ ಒಂದು ಕಡೆ ಹೊರಗೆ ಬರಬೇಕಲ್ಲ? ಬೆಳಿಗ್ಗೆ ಕಸ ಗುಡಿಸುವಾಗ ಮೊದಲಿನ ಹಾಗೆಯೇ ಎರಡೂ ಬದಿಯ ಅಂಗಳದ ಅಂಚಿನವರೆಗೆ ಗುಡಿಸುವಳು. ಮರುಳಸಿದ್ದಮ್ಮ ಕಂಡರೆ, ಉತ್ತರ ಬರದಿದ್ದರೂ, ಕಾಲುನೋವು ಹೆಂಗೈತ್ರಿ ಎಂದು ಕೇಳುವಳು. ಒಂದು ದಿನ ಮಾತ್ರ ಅವಳ ಕಣ್ಣು ಕೆಂಪಾಗಿತ್ತು. ಏನೆಂದು ಕೇಳಿದೆ. ಒಬ್ಬಳೇ ಕೂತು ಪ್ರಾರ್ಥನೆ ಮಾಡುವುದು ರೂಢಿಯಿಲ್ಲ, ಹಾಡು ಅರ್ಧಕ್ಕೇ ನಿಂತುಹೋಗುತ್ತದೆ ಎಂದಳು.

ಬೇಸಿಗೆಯ ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಕುರಿಗಳಿಗೆ ನೀರು ಹಾಕುತ್ತಿದ್ದ ಯರ್ರೆಪ್ಪ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಸುದ್ದಿ ಬಂದಾಗ ಮೊದಲು ಆ ಮನೆಯೊಳಗೆ ಹೋದವಳು ಶಾಂತಕ್ಕ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮರುಳಸಿದ್ದಮ್ಮನ ಪಕ್ಕ ನೆಲದ ಮೇಲೆ ಕೂತು ಅವಳ ಬೆನ್ನಿಗೆ ಕೈಯಿಟ್ಟಳು. ಕನಕರಾಜ ಒಮ್ಮೆ ನೋಡಿ ಮುಖ ತಿರುಗಿಸಿದ. ಪಕ್ಷದವರು ಕಾರಿನಲ್ಲಿ ಬಂದು ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋದರು. ಬೀದಿಯ ಇನ್ನೊಂದು ಕಡೆಯವರು ತಮ್ಮತಮ್ಮ ಬಾಗಿಲಲ್ಲೇ ನಿಂತು ನೋಡಿದರು. ಕೂಡ್ಲಿಗಿ ಕಡೆಯಿಂದ, ಹಡಗಲಿ ಕಡೆಯಿಂದ ನೆಂಟರು ಬಂದು ಸೇರುವ ಹೊತ್ತಿಗೆ ಮಧ್ಯಾಹ್ನ. ಅವರ ಹೊಲದಲ್ಲೇ ಮಣ್ಣು ಮಾಡುವುದೆಂದಾಯಿತು.

ಗಂಡಸರು ಹೆಣ ಹೊತ್ತು ಹೊರಟ ಮೇಲೆ ಶಾಂತಕ್ಕ ನನ್ನ ಮನೆಗೆ ಬಂದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಮಾಡಿ ತರಬೇಕು. ಹಿಂದೆಲ್ಲ ಹಾಗೇ ಆಗುತ್ತಿತ್ತು. ಈ ಸಲ ಯಾರೂ ಒಂದು ಪಾತ್ರೆ ಅಲುಗಾಡಿಸಿರಲಿಲ್ಲ. ಮಕ್ಕಳು ಬೆಳಿಗ್ಗೆಯಿಂದ ಬಿಸ್ಕೀಟು ತಿಂದು ಕೂತಿದ್ದವು. ದೂರದಿಂದ ಬಂದ ಮುದುಕರು ಗೋಡೆಗೆ ಒರಗಿದ್ದರು. ಅಷ್ಟು ಮಂದಿಗೆ ಮಾಡುವ ಪಾತ್ರೆ ತನ್ನಲ್ಲಿ ಇಲ್ಲ, ಮಂಜಮ್ಮನ ಮನೆಯಲ್ಲಿ ಬುದ್ಧ ಪೂರ್ಣಿಮೆಗೆ ಪಾಯಸ ಮಾಡುವ ದೊಡ್ಡ ಬೋಗುಣಿ ಇದೆ, ಕೇಳೋಣ ಬರ್ರಿ ಎಂದಳು. ನಾನು ನಿಂತಲ್ಲೇ ನಿಂತೆ. ಆ ಮನೆಯ ಪಾತ್ರೆ ಈ ಮನೆಗೆ? ಅವಳಾಗಲೇ ಬೀದಿ ದಾಟಿ ಹೋಗುತ್ತಿದ್ದಳು. ಏನಾಗುತ್ತದೋ ನೋಡೋಣವೆಂದು ಹಿಂದೆಯೇ ಹೋದೆ.

ಮಂಜಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. "ಶಾಂತಕ್ಕ, ಪಾತ್ರಿ ಒಯ್ಯಿ. ಅಷ್ಟ ಯಾಕ, ಅನ್ನಾನೂ ನಾನ ಮಾಡಿ ಕೊಟ್ಟೇನು. ಯರ್ರೆಪ್ಪಜ್ಜ ನನಗೇನೂ ಅಂದಾವನಲ್ಲ. ಆದ್ರ ನಾ ಮಾಡಿದ್ದು ಹಂಗ ವಾಪಸ್ ಬಂತು ಅಂದ್ರ? ಅವತ್ತಿನ ಬೈಗುಳ ಕಿವಿಗೆ ಬಿತ್ತು, ತಡಕೊಂಡೆ. ಇದು ನನ್ನ ಹೊಸ್ತಿಲಿಗೆ ಬರ್ತೈತಿ. ಇದನ್ನ ತಡಕೊಳ್ಳಾಕ ಆಗಂಗಿಲ್ಲ."

ಶಾಂತಕ್ಕ ಅದಕ್ಕೆ ಸಮಾಧಾನದ ಮಾತು ಹೇಳಲಿಲ್ಲ. ವಾಪಸ್ ಬರಬಹುದು, ಬಂದರೆ ನಾವಿಬ್ಬರೂ ಕೂತು ಉಣ್ಣೋಣ, ನನ್ನ ಕೈಯದೂ ಅದರೊಳಗೆ ಇರುತ್ತದಲ್ಲ ಎಂದಳು. ಮನಸ್ಸಿಲ್ಲದಿದ್ದರೆ ಬೇಡ, ಪಾತ್ರೆಯಷ್ಟೇ ಕೊಡು ಎಂದೂ ಹೇಳಿದಳು. ಅಷ್ಟರಲ್ಲಿ ಗುರುಮೂರ್ತಿ ಒಳಗಿನಿಂದ ಬಂದ. ಹುಬ್ಬಿನ ಮೇಲೆ ಹೊಲಿಗೆಯ ಗೆರೆ ಇನ್ನೂ ಕಾಣುತ್ತಿತ್ತು.

"ಕೇಸು ಬಿಡಂಗಿಲ್ಲ ನೋಡು ಶಾಂತಕ್ಕ" ಎಂದ.

"ಬಿಡು ಅಂತ ಯಾರಂದ್ರಪ್ಪ? ನಾನ ಸಾಕ್ಷಿ ಅದೀನಿ" ಎಂದಳು ಶಾಂತಕ್ಕ.

ಗುರುಮೂರ್ತಿ ಅಟ್ಟ ಹತ್ತಿ ಬೋಗುಣಿ ಇಳಿಸಿದ. ಕ್ರಾಂತಿ ಉಳ್ಳಾಗಡ್ಡಿ ಹೆಚ್ಚಲು ಕೂತಳು. ನಾನು ಟೊಮೆಟೊ ಹೆಚ್ಚಿದೆ. ಹಾಸ್ಟೆಲ್ಲಿನ ಹುಡುಗಿಯರಿಗೆ ಮಾಡಿದ ಕೈ ಶಾಂತಕ್ಕನದು. ಹಿತ್ತಿಲಲ್ಲಿ ಕಲ್ಲು ಹೂಡಿ ಒಲೆ ಹೊತ್ತಿಸಿದಳು. ಮಂಜಮ್ಮ ಬೇಳೆ ತೊಳೆದು ಹಾಕಿದಳು. ಇಬ್ಬರೂ ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದವರು. ಉಪ್ಪು ಎಷ್ಟು, ಹುಳಿ ಸಾಕೇ ಎಂಬುದನ್ನು ಬಿಟ್ಟು ಬೇರೆ ಮಾತು ಆಡಲಿಲ್ಲ. ಆದರೆ ಆ ಮಾತೇ ಬಹಳವಾಯಿತು.

ಗಂಡಸರು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುವ ಹೊತ್ತಿಗೆ ನಾವು ಪಾತ್ರೆ ಹೊತ್ತುಕೊಂಡು ಹೋದೆವು. ಮಂಜಮ್ಮ ತನ್ನ ಗೇಟಿನವರೆಗೆ ಬಂದು ಅಲ್ಲೇ ನಿಂತಳು. ನನಗೆ ಒಳಗೊಳಗೇ ಒಂದು ಆಸೆ. ಯಾರ ಮನೆಯದೆಂದು ಯಾರೂ ಕೇಳದಿದ್ದರೆ ಸಾಕು, ಎಲ್ಲ ಸುಮ್ಮನೆ ಮುಗಿದುಹೋಗುತ್ತದೆ. ಎದುರುಮನೆ ಟೀಚರ್ ತಂದಿದ್ದಾರೆ ಎಂದುಕೊಳ್ಳಲಿ. ಪುಷ್ಪಲತಾ ಬಂದು ಪಾತ್ರೆಗೆ ಕೈಹಾಕಿದಳು. ಶಾಂತಕ್ಕ ಅವಳ ಕೈ ತಡೆದು, ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇದು ಮಂಜಮ್ಮನ ಮನ್ಯಾಗ ಮಾಡಿದ್ದು. ಆಕಿ ಮಾಡ್ಯಾಳ, ನಾನೂ ಮಾಡೀನಿ. ಹೇಳದ ಉಣ್ಣಿಸಬಾರದು ಅಂತ ಹೇಳಿದೆ. ಉಂಡ್ರ ಉಣ್ರಿ, ಇಲ್ಲಂದ್ರ ನಮಗ ಸಿಟ್ಟಿಲ್ಲ."

ಯರ್ರೆಪ್ಪನ ದಾಯಾದಿ ಬೆನಕಪ್ಪ ಎಂಬ ಹಿರಿಯ ಕೂಡ್ಲಿಗಿ ಕಡೆಯಿಂದ ಬಂದಿದ್ದ. ಅವನು ಮೊದಲು ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟ. ಅವನ ಹಿಂದೆ ಇನ್ನಿಬ್ಬರು. ಕನಕರಾಜ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಪುಷ್ಪಲತಾ ಅತ್ತೆಯ ಮುಖ ನೋಡಿದಳು. ಮರುಳಸಿದ್ದಮ್ಮ ಬೆಳಿಗ್ಗೆಯಿಂದ ಅತ್ತು ಅತ್ತು ದನಿಯೇ ಇಲ್ಲದಂತಾಗಿದ್ದಳು.

"ಬಡಸವ್ವ. ಹುಡುಗರು ಹಸದಾವ" ಎಂದಳು. ಸ್ವಲ್ಪ ತಡೆದು, "ನನಗೂ ಒಂದೀಟು ಹಾಕು" ಎಂದಳು.

ತಟ್ಟೆ ಮುಂದಿಟ್ಟುಕೊಂಡು ಅವಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಅರವತ್ತೈದು ವರ್ಷದ ರೂಢಿ ಅದು, ಒಂದು ತುತ್ತಿಗೆ ಕರಗುವಂಥದ್ದಲ್ಲ. ಕೊನೆಗೆ ಕಲಸಿ ಬಾಯಿಗಿಟ್ಟಳು. ನೆಂಟರಲ್ಲಿ ಅರ್ಧ ಮಂದಿ ಉಂಡರು, ಅರ್ಧ ಮಂದಿ ಹೊಟ್ಟೆ ಸರಿಯಿಲ್ಲವೆಂದರು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡವು. ಕನಕರಾಜ ಉಣ್ಣಲಿಲ್ಲ, ಎದ್ದು ಬೀದಿ ಕೊನೆಗೆ ಹೋಗಿ ನಿಂತ. ನಾನು ಓಡಿಹೋಗಿ ಮಂಜಮ್ಮನಿಗೆ ಸುದ್ದಿ ಮುಟ್ಟಿಸಿದೆ. ಅಜ್ಜಿ ಉಂಡಳೇ ಎಂದು ಎರಡು ಸಲ ಕೇಳಿದಳು. ಉಂಡಳು ಎಂದಾಗ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ನಾನು ಶಾಂತಕ್ಕನ ಅಂಗಳದಲ್ಲಿ ಕೂತಿದ್ದೆ. ಎಡಗೋಡೆಯ ಆಚೆ ಕನಕರಾಜ ಬಂದು ನಿಂತ. ಸಾಕ್ಷಿಯ ಹತ್ತಿರ ಮಾತಾಡಬಾರದೆಂದು ಅವನ ವಕೀಲರು ಹೇಳಿದ್ದರಂತೆ. ಅದಕ್ಕೋ ಏನೋ, ಅವನು ಗೋಡೆಗೆ ಮುಖಮಾಡಿ, ನಮ್ಮನ್ನು ನೋಡದೆ ಮಾತಾಡಿದ.

"ನನ್ನ ಮ್ಯಾಲ ಪೊಲೀಸರ ಮುಂದ ಹೇಳಿದಾಕಿ ನೀನು. ನಿನ್ನ ಮ್ಯಾಲ ಗುಂಪಿನ್ಯಾಗ ಹಾಕಿದಾವ ನಾನು. ಮತ್ತ ನಮ್ಮ ಮನಿಗೆ ಯಾಕ ಬಂದಿ ಶಾಂತಕ್ಕ? ಇದು ನನಗ ತಿಳೀವಲ್ದು."

ನಾನು ಕಿವಿ ನಿಮಿರಿಸಿದೆ. ಇದೇ ಪ್ರಶ್ನೆಯನ್ನು ನಾನೂ ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಶಾಂತಕ್ಕ ತಡಮಾಡದೆ ಹೇಳಿದಳು. "ಗ್ವಾಡಿಗೆ ಗ್ವಾಡಿ ಹತ್ತಿದವರನ್ನ ಪ್ರೀತಿ ಮಾಡ್ರಿ ಅಂತ ಯೇಸಪ್ಪ ನಮಗ ಹೇಳ್ಯಾನ. ಮೆಚ್ಚಿಕೋ ಅಂತ ಹೇಳಿಲ್ಲ. ನೀ ಮಾಡಿದ್ದು ನನಗ ಇವತ್ತಿಗೂ ಮೆಚ್ಚಿಗಿಲ್ಲ ಕನಕಪ್ಪ. ಆದ್ರ ನಿಮ್ಮಪ್ಪ ಸತ್ತಾಗ ನಿನ್ನ ಹುಡುಗರು ಹಸದು ಕುಂತಿದ್ರ ನನಗ ತುತ್ತು ಇಳೀತಿತ್ತೇನು?"

ಕನಕರಾಜ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ಕೋರ್ಟಿನಲ್ಲಿ ಹೇಳಿಕೆ ಬದಲಿಸುತ್ತೀಯಾ ಎಂದು ಕೇಳಿದ. ಶಾಂತಕ್ಕ ಇಲ್ಲ ಎಂದಳು. ಒಂದೇ ಮಾತು. ಅವನು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

"ನಾನು ಅಂದಿದ್ದು ಆಕಿಗೂ ಕೇಳಿಸಿತ್ತೇನು, ಮಂಜಮ್ಮಗ?" ಎಂದ.

"ಆಕೀನ ಕೇಳು" ಎಂದಳು ಶಾಂತಕ್ಕ.

ಅವನು ಮಂಜಮ್ಮನ ಹತ್ತಿರ ಅವತ್ತು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಬೀದಿಯ ಜನವೆಲ್ಲ ನಳದ ನೀರು ಹಿಡಿಯುತ್ತಿರುವಾಗ, ನೆಟ್ಟಗೆ ನಡೆದು ಗುರುಮೂರ್ತಿಯ ಗೇಟಿನ ಮುಂದೆ ನಿಂತ. ಕೊಡಗಳು ತುಂಬಿ ಚೆಲ್ಲುತ್ತಿದ್ದರೂ ಯಾರೂ ನಳದ ಕಡೆ ನೋಡಲಿಲ್ಲ. ಗುರುಮೂರ್ತಿ ಬೈಕ್ ಒರೆಸುತ್ತಿದ್ದ, ಮಂಜಮ್ಮ ಬಾಗಿಲಲ್ಲಿದ್ದಳು. ತಾನು ಅಂದಿದ್ದು ತಪ್ಪು, ಬೀಸಿದ ಇಟ್ಟಂಗಿಗಿಂತ ಆ ಮಾತು ದೊಡ್ಡ ತಪ್ಪು ಎಂದ ಕನಕರಾಜ. ಕೇಸು ತೆಗೆಯಿರಿ ಎನ್ನಲು ಬಂದಿಲ್ಲ, ಅದು ನಡೆಯಲಿ ಎಂದ. ಗುರುಮೂರ್ತಿ ಬಟ್ಟೆ ಹಿಂಡಿ ಮತ್ತೆ ಬೈಕ್ ಒರೆಸತೊಡಗಿದ. ಮಂಜಮ್ಮ ಮಾತ್ರ ಗೇಟಿನವರೆಗೆ ಬಂದಳು.

"ನನಗ ಕೇಳಿಸಿತ್ತು. ನನ್ನ ಮಗಳಿಗೂ ಕೇಳಿಸಿತ್ತು. ಆಕಿಗೂ ಹೇಳಿ ಹೋಗು" ಎಂದಳು.

ಕ್ರಾಂತಿಯನ್ನು ಹೊರಗೆ ಕರೆದಳು. ಕನಕರಾಜ ಮತ್ತೊಮ್ಮೆ, ಆ ಹುಡುಗಿಯ ಮುಂದೆ, ಅಷ್ಟನ್ನೂ ಹೇಳಬೇಕಾಯಿತು. ಅವನ ಕಿವಿ ಕೆಂಪಾಗಿತ್ತು. ಕ್ರಾಂತಿ ಕ್ಷಮಿಸಿದೆ ಎನ್ನಲಿಲ್ಲ. ಸರಿ ಎಂದಳು. ಅದು ಅವಳ ಹಕ್ಕು ಎಂದು ನನಗನ್ನಿಸಿತು. ಸಿದ್ದಲಿಂಗನಿಗೆ ಈ ಸುದ್ದಿ ಹಿಡಿಸಲಿಲ್ಲ. ಪಟಾಕಿ ಎಸೆದವರ ಹೆಸರನ್ನು ಅವನು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ. ಶಾಂತಕ್ಕ ಎದುರಾದರೆ ಫೋನು ಕಿವಿಗೆ ಹಚ್ಚಿಕೊಳ್ಳುತ್ತಾನೆ.

ಕೋರ್ಟಿನಿಂದ ಸಾಕ್ಷಿಗೆ ಕರೆ ಬಂದದ್ದು ಮಳೆಗಾಲದಲ್ಲಿ. ಹೊಸಪೇಟೆಗೆ ಹೋಗಬೇಕು. ಶಾಲೆಗೆ ರಜೆ ಹಾಕಿ ನಾನೂ ಹೊರಟೆ. ಅವಳಿಗೆ ಜೊತೆಯೆಂದು ಹೇಳಿದೆ, ಕುತೂಹಲವೆಂಬುದು ಅವಳಿಗೂ ಗೊತ್ತಿತ್ತು. ಬಸ್ ಹತ್ತಿ ನೋಡಿದರೆ ಹಿಂದಿನ ಸೀಟಿನಲ್ಲಿ ಕನಕರಾಜ, ಮುಂದೆ ಗುರುಮೂರ್ತಿ, ಮಂಜಮ್ಮ. ಬೆಳಗಿನ ಹೊತ್ತಿಗೆ ಸರಿಹೋಗುವ ಬಸ್ಸು ಅದೊಂದೇ. ಆರೋಪಿ, ಫಿರ್ಯಾದಿ, ಸಾಕ್ಷಿ ಮೂವರೂ ಒಂದೇ ಬಸ್ಸಿನಲ್ಲಿ ಮರಿಯಮ್ಮನಹಳ್ಳಿ ದಾಟಿದೆವು. ವಕೀಲರು ಕಂಡಾರೆಂದು ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಕಂಡಕ್ಟರ್ ಗುರುಮೂರ್ತಿಯ ಪರಿಚಯದವನು. ಎಲ್ಲರೂ ಸೇರಿ ಯಾವ ಮದುವೆಗೆ ಹೊರಟಿದ್ದೀರಿ ಎಂದು ಕೇಳಿದ. ಮಂಜಮ್ಮ ಕಿಟಕಿಯ ಕಡೆ ತಿರುಗಿ ನಗು ನುಂಗಿದಳು.

ಶಾಂತಕ್ಕ ಸೆರಗು ಸರಿಮಾಡಿಕೊಂಡು ಸಾಕ್ಷಿಕಟ್ಟೆಯಲ್ಲಿ ನಿಂತಳು. ಪೊಲೀಸರಿಗೆ ಹೇಳಿದ್ದನ್ನೇ ಹೇಳಿದಳು; ಪಟಾಕಿಯನ್ನೂ ಬಿಡಲಿಲ್ಲ, ಬೈಗುಳವನ್ನೂ ಬಿಡಲಿಲ್ಲ. ಕನಕರಾಜನ ವಕೀಲರು ಎದ್ದು, ಆರೋಪಿ ನಿಮ್ಮ ಧರ್ಮದ ಮೇಲೆ ದೂರು ಹೇಳಿದ್ದರಿಂದ ನಿಮಗೆ ಅವನ ಮೇಲೆ ದ್ವೇಷವಿದೆ ಅಲ್ಲವೇ ಎಂದು ಕೇಳಿದರು. ದ್ವೇಷವಿಲ್ಲ, ಹೋದ ವಾರ ಅವನ ಸಣ್ಣ ಮಗನಿಗೆ ಜ್ವರ ಬಂದಾಗ ತಾನೇ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದೆ ಎಂದಳು. ಹಾಗಾದರೆ ಅವನ ಪರವೇ ಎಂದರು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ ಏನೋ, ಒಂದು ಕ್ಷಣ ನ್ಯಾಯಾಧೀಶರ ಮುಖ ನೋಡಿದಳು.

"ಅವರು ನಮ್ಮ ಬಾಜೂ ಮನಿಯವ್ರು ಸಾಹೇಬ್ರ. ಇವರೂ ಬಾಜೂ ಮನಿಯವ್ರ" ಎಂದಳು.

ಕೇಸಿಗೆ ಮುಂದಿನ ದಿನಾಂಕ ಕೊಟ್ಟರು. ಅದು ಇನ್ನೂ ಮುಗಿದಿಲ್ಲ. ಕನಕರಾಜನಿಗೆ ಶಿಕ್ಷೆಯಾಗಬಹುದು, ಆಗದಿರಬಹುದು. ಸಂಜೆ ಬೀದಿ ಸೇರಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಮರುಳಸಿದ್ದಮ್ಮ ತನ್ನ ಬಾಗಿಲಲ್ಲಿ ಸೆರಗು ತಲೆಗೆ ಹೊದ್ದು ಕಾಯುತ್ತ ನಿಂತಿದ್ದಳು. ಮಗ ತಲೆ ತಗ್ಗಿಸಿ ಒಳಗೆ ಹೋದ. ಅವಳು ಅವನನ್ನು ಏನೂ ಕೇಳಲಿಲ್ಲ. ಶಾಂತಕ್ಕನ ಕಡೆ ತಿರುಗಿದಳು.

"ಕಂಡದ್ದನ್ನ ಹೇಳಿದೀ?"

"ಹೇಳಿದ್ನಿ."

ಮುದುಕಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನೆನ್ಯಾಕ ಹತ್ತೀದಿ. ಒಳಗ ಬಾ, ಕುಂದ್ರು."